ಕಾಲು ತೊಳೆದ ನೀರು

ದೇವರು ಮನುಷ್ಯನನ್ನು ಮಣ್ಣಿನಲ್ಲಿ ಮಾಡುವಾಗ ನುಣ್ಣನೆಯ ಮಣ್ಣನ್ನೆಲ್ಲ ಕಣ್ಣು, ಕಿವಿ, ಕೈಬೆರಳುಗಳಿಗೇ ಖರ್ಚು ಮಾಡಿಬಿಟ್ಟನಂತೆ. ಕೊನೆಗೆ ಉಳಿದದ್ದು ಒಂದಿಷ್ಟು ಒರಟು ಮಣ್ಣು. ಅದನ್ನು ಎರಡು ಉಂಡೆ ಕಟ್ಟಿ ಕಾಲ ಹಿಂದೆ ಅಂಟಿಸಿ, ನಿನ್ನ ಮುಖವನ್ನು ಯಾರೂ ನೋಡುವುದಿಲ್ಲ, ಆದರೆ ಎಲ್ಲರ ಭಾರವನ್ನೂ ನೀನೇ ಹೊರಬೇಕು ಎಂದನಂತೆ. ಹಿಮ್ಮಡಿ ಒಪ್ಪಿತು. ಪ್ರತಿಯಾಗಿ ಒಂದೇ ಒಂದು ವರ ಬೇಡಿತು: ನನಗೆ ನೋವಾದ ದಿನ ಮನುಷ್ಯ ಬೇರೇನನ್ನೂ ನೆನೆಯದಿರಲಿ.

ಹಿರೇಕಣವಿಯ ನಿಂಬವ್ವನಿಗೆ ಆ ವರದ ಬಿಸಿ ತಟ್ಟಿತ್ತು. ಬಸ್ ನಿಲ್ದಾಣದ ಎದುರು ಅವಳೂ ಅವಳ ನೆಗೆಣ್ಣಿ, ಅಂದರೆ ಮೈದುನನ ಹೆಂಡತಿ ಕಸ್ತೂರಿಯೂ ಸೇರಿ ಖಾನಾವಳಿ ನಡೆಸುತ್ತಿದ್ದರು. ಆ ಕಾಲಕ್ಕಾಗಲೇ ಟ್ರ್ಯಾಕ್ಟರುಗಳು ಚಾಲಕನಿಲ್ಲದೆ ಹೊಲ ಉಳುತ್ತಿದ್ದವು, ರೊಟ್ಟಿ ಮಾಡುವ ಯಂತ್ರಗಳು ಬಂದು ಹಳತಾಗಿದ್ದವು. ಆದರೆ ಉಣ್ಣಲು ಬಂದವರು ಕೈರೊಟ್ಟಿಯನ್ನೇ ಕೇಳುತ್ತಿದ್ದರು. ಹೀಗಾಗಿ ನಿಂಬವ್ವ ಬೆಳಗಿನಿಂದ ಸಂಜೆಯವರೆಗೆ ಫರಸಿ ಕಲ್ಲಿನ ನೆಲದ ಮೇಲೆ ನಿಂತು ರೊಟ್ಟಿ ಬಡಿಯುತ್ತಿದ್ದಳು. ದಿನವೆಲ್ಲ ಹೇಗೋ ಕಳೆಯುತ್ತಿತ್ತು. ಕಷ್ಟವಿದ್ದದ್ದು ಬೆಳಗಿನ ಮೊದಲ ಹೆಜ್ಜೆಯದು. ಹಾಸಿಗೆಯಿಂದ ಎದ್ದು ಕಾಲೂರಿದರೆ ಹಿಮ್ಮಡಿಯೊಳಗೆ ಯಾರೋ ಕಾದ ಸೂಜಿ ಚುಚ್ಚಿದಂತಾಗಿ ಗೋಡೆ ಹಿಡಿದು ನಿಲ್ಲಬೇಕಾಗುತ್ತಿತ್ತು. ಕಸ್ತೂರಿ ಇಟ್ಟಿಗೆ ಕಾಯಿಸಿ, ಅದರ ಮೇಲೆ ಎಕ್ಕೆಯ ಎಲೆ ಇಟ್ಟು ಕೊಡುತ್ತಿದ್ದಳು. ಕೊಡುವಾಗ ಬಾಯಿ ಮಾತ್ರ ಸುಮ್ಮನಿರುತ್ತಿರಲಿಲ್ಲ.

"ಅಕ್ಕಾ, ನಮ್ಮ ಮನ್ಯಾಗ ದೇವರಿಗಿಂತ ಮೊದಲ ಇಟ್ಟಂಗಿಗೆ ಪೂಜಿ ಆಗಾಕತ್ತೇತಿ ನೋಡು" ಎನ್ನುತ್ತಿದ್ದಳು.

ನೋವಿಗಿಂತ ದೊಡ್ಡದೊಂದು ಚಿಂತೆ ನಿಂಬವ್ವನಿಗಿತ್ತು. ಶ್ರೀಶೈಲದ ಭ್ರಮರಾಂಬೆ ಆ ಸೀಮೆಯವರಿಗೆ ದೇವಿ ಮಾತ್ರವಲ್ಲ, ಮಲ್ಲಯ್ಯನಿಗೆ ಕೊಟ್ಟ ಮನೆಮಗಳು. ಯುಗಾದಿಗೆ ತವರಿನಿಂದ ಮಗಳಿಗೆ ಸೀರೆ ಹೋಗಬೇಕು. ಪ್ರತಿ ವರ್ಷ ಶ್ರೀಶೈಲಕ್ಕೆ ನಡೆದುಹೋಗುವ ಹಿರೇಕಣವಿಯ ಕಂಬಿಯ ಜೊತೆ ಆ ಸೀರೆಯನ್ನು ಒಯ್ಯುವ ಭಾಗ್ಯ ನಿಂಬವ್ವನ ಅತ್ತೆಯ ಅತ್ತೆಯ ಕಾಲದಿಂದಲೂ ಅವರ ಮನೆಯದು. ಕಾವಡಿಯಂತೆ ಅಲಂಕರಿಸಿದ ಕಂಬಿಯನ್ನು ಗಂಡಸರು ಹೆಗಲ ಮೇಲೆ ಹೊರುತ್ತಾರೆ, ಸೀರೆಯ ಗಂಟು ಹೆಣ್ಣಿನ ತಲೆಯ ಮೇಲೆ. ಊರಿನಿಂದ ಗುಡಿಯವರೆಗೆ ಬರಿಗಾಲಿನಲ್ಲೇ ನಡೆಯಬೇಕು. ಗಾಡಿ ಹತ್ತಿದರೆ ಸೀರೆ ಮೈಲಿಗೆ. ಹೋದ ವರ್ಷ ನಿಂಬವ್ವ ಊರ ಅಗಸೆ ಬಾಗಿಲು ದಾಟಲಾಗದೆ ಕುಳಿತುಬಿಟ್ಟಿದ್ದಳು, ಸೀರೆ ಬೇರೆಯವಳ ತಲೆಯೇರಿತ್ತು. ಎರಡು ವರ್ಷ ಸಾಲಾಗಿ ತಪ್ಪಿಸಿದ ಮನೆಯಿಂದ ಸೀರೆ ಶಾಶ್ವತವಾಗಿ ಬೇರೆ ಮನೆಗೆ ಹೋಗುತ್ತದೆ. ಅದು ಕಟ್ಟಳೆ.

ಇದೇ ಹೊತ್ತಿಗೆ ಧಾರವಾಡದ ಒಂದು ಪ್ರಯೋಗಾಲಯದಲ್ಲಿ ಡಾಕ್ಟರ್ ಸರ್ವಮಂಗಳಾ ಹಳ್ಳೂರ ಸೋತು ಕುಳಿತಿದ್ದರು.

ಅವರು ಮಾಡಿದ್ದು ಒಂದು ಬಗೆಯ ಜಾಣ ಚಪ್ಪಲಿ. ನಡೆಯುವವರ ಭಾರವನ್ನು ಅಳೆದು, ನೋಯುವ ಜಾಗದ ಕೆಳಗೆ ತಾನೇ ಮೆತ್ತಗಾಗುವಂಥದ್ದು. ಪ್ರಯೋಗಾಲಯದಲ್ಲಿ ಅದು ಅದ್ಭುತವಾಗಿ ಕೆಲಸ ಮಾಡಿತು. ಹಳ್ಳಿಗಳಿಗೆ ಹಂಚಿದ ಮೇಲೆ ಒಂದೂ ಕಾಲು ವಾಸಿಯಾಗಲಿಲ್ಲ. ಏಕೆಂದು ತಿಳಿಯಲು ಅವರೇ ಮನೆ ಮನೆ ತಿರುಗಿದರು. ಎಲ್ಲ ಮನೆಗಳಲ್ಲೂ ಚಪ್ಪಲಿ ಹೊಸ್ತಿಲಾಚೆ ಇತ್ತು. ದಿನವಿಡೀ ಮನೆಯೊಳಗೆ ಕಲ್ಲು ತುಳಿಯುವ ಹೆಂಗಸರು ಸಂತೆಗೆ ಹೋಗುವಾಗ ಮಾತ್ರ ಅದನ್ನು ಮೆಟ್ಟುತ್ತಿದ್ದರು. ಒಂದು ಮನೆಯಲ್ಲಂತೂ ಚಪ್ಪಲಿ ಹೊರಗೂ ಇರಲಿಲ್ಲ. ಹುಡುಕಿದರೆ ದೇವರ ಜಗಲಿಯ ಮೇಲೆ ವಿಭೂತಿ, ಕುಂಕುಮ ಹಚ್ಚಿಕೊಂಡು ಚೆಂಡುಹೂವಿನ ನಡುವೆ ಕುಳಿತಿತ್ತು. ಅದು ತಾನಾಗಿ ಮಿಡಿಯುತ್ತದೆ, ಹಸಿರು ಬೆಳಕು ಬಿಡುತ್ತದೆ, ಅಂಥ ಪಾದುಕೆಯನ್ನು ಕಾಲಿಗೆ ಹಾಕುವುದುಂಟೆ ಎಂದು ಆ ಮನೆಯ ಮುದುಕಿ ಕೇಳಿದಳು. ಸರ್ವಮಂಗಳಾ ತಾವು ಮಾಡಿದ ಚಪ್ಪಲಿಗೆ ತಾವೇ ಕೈಮುಗಿದು ಹೊರಗೆ ಬಂದರು.

ದಾರಿಯಲ್ಲಿ ಅವರಿಗೆ ನಗು ಬಂತು, ಆಮೇಲೆ ಒಂದು ಯೋಚನೆ ಬಂತು. ಹೊಸ್ತಿಲಲ್ಲಿ ಬಿಚ್ಚಿಡಲಾಗದ ಔಷಧಿ ಬೇಕು.

ಹಿಮ್ಮಡಿ ಮೂಳೆಯಿಂದ ಬೆರಳ ಬುಡದವರೆಗೆ ಪಾದದಡಿಯಲ್ಲಿ ಒಂದು ಗಟ್ಟಿ ನಾರಿನ ಪಟ್ಟಿ ಇದೆ. ಬಿಲ್ಲಿಗೆ ಹೆದೆ ಇದ್ದಂತೆ. ಹೆಜ್ಜೆ ಹೆಜ್ಜೆಗೂ ಅದು ಬಿಗಿಯುತ್ತದೆ, ಸಡಿಲುತ್ತದೆ. ಕಲ್ಲಿನ ಮೇಲೆ ನಿಂತೇ ಬಾಳುವವರಲ್ಲಿ ಹಿಮ್ಮಡಿಯ ಬುಡದಲ್ಲಿ ಅದು ಕೂದಲೆಳೆಯಷ್ಟು ಹರಿಯುತ್ತದೆ. ನಿದ್ದೆಯಲ್ಲಿ ಪಾದ ಇಳಿಬಿದ್ದು ಪಟ್ಟಿ ಕುಗ್ಗಿರುತ್ತದೆ. ದೇಹ ಪಾಪ, ಆ ಕುಗ್ಗಿದ ಸ್ಥಿತಿಯಲ್ಲೇ ಹರಿದದ್ದಕ್ಕೆ ಹೊಲಿಗೆ ಹಾಕುತ್ತದೆ. ಬೆಳಗಿನ ಮೊದಲ ಹೆಜ್ಜೆಗೆ ಪಟ್ಟಿ ಹಿಗ್ಗಿ ಆ ಹೊಲಿಗೆ ಬಿಚ್ಚುತ್ತದೆ. ಜನ ಎಲುಬು ಬೆಳೆದಿದೆ ಎನ್ನುತ್ತಾರೆ. ಬೆಳೆಯುವುದು ಎಲುಬಲ್ಲ, ದಿನವೂ ಹೊಲಿದು ದಿನವೂ ಬಿಚ್ಚುವ ಆ ಗಾಯ.

ಸರ್ವಮಂಗಳಾ ಈ ಸಲ ಮಾಡಿದ್ದು ಬೂದುಬಣ್ಣದ ಒಂದು ಲೇಪ. ಅದರೊಳಗೆ ಕಣ್ಣಿಗೆ ಕಾಣದಷ್ಟು ಸಣ್ಣ ಎಳೆಗಳಿದ್ದವು. ಹಿಮ್ಮಡಿಗೆ ಹಚ್ಚಿದರೆ ಅವು ಚರ್ಮವನ್ನು ಹಿಡಿದುಕೊಂಡು ಒಂದಕ್ಕೊಂದು ಹೆಣೆದುಕೊಳ್ಳುತ್ತಿದ್ದವು. ಕಾಲಿನ ಶಾಖ, ಹೆಜ್ಜೆಯ ಒತ್ತಡ, ಇವೇ ಅವುಗಳ ಆಹಾರ. ಹೆಜ್ಜೆ ಬಿದ್ದ ಕ್ಷಣ ಬಿಗಿದುಕೊಂಡು ಭಾರದ ಒಂದು ಪಾಲನ್ನು ತಾವು ಹೊರುತ್ತಿದ್ದವು. ಮಲಗಿದವರು ಏಳುವ ಮುನ್ನ ಮಗ್ಗುಲು ಬದಲಿಸಿದರೆ ಸಾಕು, ಪಾದವನ್ನು ಮೆಲ್ಲಗೆ ಎಳೆದು ಹದ ಮಾಡುತ್ತಿದ್ದವು. ಆದರೆ ಪ್ರತಿಯೊಬ್ಬರ ನಡಿಗೆಯೂ ಬೇರೆ. ಆ ನಡಿಗೆಯನ್ನು ಕಲಿಯಲು ಲೇಪಕ್ಕೆ ವಾರಗಳು ಬೇಕಾಗುತ್ತಿದ್ದವು. ಕಲಿತ ಹಾಗೆಲ್ಲ ಎಳೆಗಳು ಸಣ್ಣ ಸಂಕೇತಗಳನ್ನು ಕಳಿಸುತ್ತಿದ್ದವು. ಧಾರವಾಡದ ಗೋಡೆಯಗಲದ ನಕ್ಷೆಯಲ್ಲಿ ಒಬ್ಬೊಬ್ಬರ ಹಿಮ್ಮಡಿಯೂ ಒಂದೊಂದು ಚುಕ್ಕೆಯಾಗಿ ಮಿನುಗುತ್ತಿತ್ತು. ಆ ಚುಕ್ಕೆಗಳನ್ನು ಕಾಯುವ ಕೆಲಸ ನಜೀರ ನದಾಫನದು.

ಲೇಪದ ಸುದ್ದಿ ತಿಳಿದು ನಿಂಬವ್ವ ತಾನೇ ಧಾರವಾಡದ ಬಸ್ಸು ಹತ್ತಿದಳು. ಅವಳು ಹೇಳಿದ್ದನ್ನೆಲ್ಲ ಸರ್ವಮಂಗಳಾ ಬರೆದುಕೊಂಡರು. ಬರಿಗಾಲು, ಬಿಸಿಲು, ಗುಡ್ಡ, ಕಾಡು. ಲೇಪಕ್ಕೆ ಇದಕ್ಕಿಂತ ದೊಡ್ಡ ಪರೀಕ್ಷೆ ಎಲ್ಲಿ ಸಿಕ್ಕೀತು? ಆದರೆ ನಿಂಬವ್ವ ಕಂಬಿಯ ಹಿರಿಯನನ್ನು ಕೇಳದೆ ಹಚ್ಚಿಕೊಳ್ಳಲು ಒಪ್ಪಲಿಲ್ಲ. ಹಾಗಾಗಿ ಇಬ್ಬರೂ ಹಿರೇಕಣವಿಗೆ ಬಂದು ಮಲ್ಲನಗೌಡಜ್ಜನ ಮುಂದೆ ಕುಳಿತರು. ಅಜ್ಜ ಲೇಪವನ್ನು ಮೂಸಿ ನೋಡಿದ, ಬೆರಳಿಗೆ ಸವರಿಕೊಂಡ.

"ಗುಡಿ ಬಾಗಲದಾಗ ಇದನ್ನ ಬಿಚ್ಚಿಡಾಕ ಬರತೈತೇನು?" ಎಂದು ಕೇಳಿದ.

ಬರುವುದಿಲ್ಲ ಎಂದರು ಸರ್ವಮಂಗಳಾ.

"ಮತ್ತ ಅದು ಚಪ್ಪಲಿ ಹೆಂಗಾದೀತು? ಬಿಚ್ಚಾಕ ಬರಲಾರದ್ದು ಮೈಯಾಗಿಂದ. ಹಚ್ಚಿಕೋ ನಿಂಬವ್ವಾ" ಎಂದ ಅಜ್ಜ. ಆಮೇಲೆ ತನ್ನ ಕಾಲನ್ನೂ ಮುಂದೆ ಚಾಚಿ, ಹಾಗೇ ಒಂಚೂರು ಇತ್ತಲೂ ಬರಲಿ ಎಂದ.

ಕಂಬಿಯ ಬಳಗದಲ್ಲಿ ಬಹಳ ಜನ ಹಚ್ಚಿಕೊಂಡರು. ಕೆಲವು ವಾರ ಕಳೆದವು. ಒಂದು ಬೆಳಗ್ಗೆ ಕಸ್ತೂರಿ ಇಟ್ಟಿಗೆ ಕಾಯಿಸಿ ತರುವಷ್ಟರಲ್ಲಿ ನಿಂಬವ್ವ ಎದ್ದು ಹಿಟ್ಟು ನಾದುತ್ತಿದ್ದಳು. ಕಸ್ತೂರಿ ಇಟ್ಟಿಗೆಯನ್ನು ಕೈಯಲ್ಲಿ ಹಿಡಿದೇ ಬಾಗಿಲಲ್ಲಿ ನಿಂತಳು. ಆಮೇಲೆ ಅದನ್ನು ಹಿತ್ತಲಿಗೆ ಒಯ್ದು ಇಟ್ಟುಬಂದಳು.

ಕಂಬಿ ಹೊರಟಿತು. ಧಾರವಾಡದ ನಕ್ಷೆಯ ಮೇಲೆ ಚುಕ್ಕೆಗಳ ಒಂದು ಗೊಂಚಲು ಮೂಡಲ ದಿಕ್ಕಿಗೆ ಸರಿಯತೊಡಗಿತು. ನಜೀರ ಚಹಾ ಕುಡಿಯುವುದನ್ನೂ ಮರೆತು ನೋಡುತ್ತಿದ್ದ. ಬಿಸಿಲೇರಿದಂತೆ ಎಳೆಗಳು ಹೇಗೆ ಸಡಿಲಾಗುತ್ತವೆ, ಕಲ್ಲುದಾರಿ ಬಂದರೆ ಹೇಗೆ ಒಟ್ಟಾಗಿ ಬಿಗಿಯುತ್ತವೆ, ಎಲ್ಲವೂ ಕಾಣುತ್ತಿತ್ತು. ನಿಂಬವ್ವನ ಚುಕ್ಕೆ ಎಲ್ಲಕ್ಕಿಂತ ಮುಂದಿತ್ತು. ಅವಳ ನಡಿಗೆ ಹಾಡಿದಂತಿದೆ ಎಂದು ನಜೀರ ಹೇಳಿದಾಗ ಸರ್ವಮಂಗಳಾ ನಕ್ಕರೂ, ತಾವೂ ಅದನ್ನೇ ಅಂದುಕೊಳ್ಳುತ್ತಿದ್ದರು. ಹರಿದ ಪಟ್ಟಿ ನೇರ ಸ್ಥಿತಿಯಲ್ಲೇ ಕೂಡಿಕೊಳ್ಳುತ್ತಿತ್ತು. ಕಣ್ಣೆದುರಿಗೆ ಒಂದು ಗಾಯ ನಡೆಯುತ್ತ ನಡೆಯುತ್ತಲೇ ಮಾಯುತ್ತಿತ್ತು.

ತುಂಗಭದ್ರೆಯ ದಂಡೆಯ ಹೊಳೆಮಡಗು ಎಂಬ ಹಳ್ಳಿಗೆ ಕಂಬಿ ತಲುಪಿದ ಸಂಜೆ ಅದು ನಡೆಯಿತು. ನಕ್ಷೆಯ ಚುಕ್ಕೆಗಳು ಒಂದರ ಹಿಂದೆ ಒಂದು ಆರತೊಡಗಿದವು. ಮೊದಲು ಮಲ್ಲನಗೌಡಜ್ಜನದು, ಆಮೇಲೆ ಕಂಬಿ ಹೊತ್ತವರದು, ಕೊನೆಗೆ ನಿಂಬವ್ವನದು. ಯಂತ್ರ ಕೆಟ್ಟಿರಬೇಕೆಂದು ನಜೀರ ಎಲ್ಲವನ್ನೂ ಆರಿಸಿ ಮತ್ತೆ ಹಚ್ಚಿದ. ಹೊಳೆಮಡಗಿನ ಮೇಲೆ ಒಂದೂ ಚುಕ್ಕೆ ಉಳಿದಿರಲಿಲ್ಲ. ಸರ್ವಮಂಗಳಾ ಫೋನು ಮಾಡಿದರು. ಅಜ್ಜ ನಿಧಾನವಾಗಿ ವಿಷಯ ತಿಳಿಸಿದ. ಊರಿನವರು ದೊಡ್ಡ ಮನಸ್ಸಿನವರು, ಬಂದವರಿಗೆಲ್ಲ ಬಿಸಿನೀರು, ಸೀಗೆಪುಡಿ ಹಾಕಿ ಉಜ್ಜಿ ಉಜ್ಜಿ ಕಾಲು ತೊಳೆದಿದ್ದಾರೆ, ಮೇಲೆ ಹರಳೆಣ್ಣೆ ತಿಕ್ಕಿದ್ದಾರೆ, ಬಹಳ ಹಾಯಾಗಿದೆ.

ಸರ್ವಮಂಗಳಾ ಫೋನು ಕೆಳಗಿಟ್ಟರು. ಲೇಪವನ್ನು ಅವರು ಕೆಸರಿನಲ್ಲಿ, ಮರಳಿನಲ್ಲಿ, ಸಗಣಿಯಲ್ಲಿ, ಸಾಬೂನಿನಲ್ಲಿ ಪರೀಕ್ಷಿಸಿದ್ದರು. ಸೀಗೆಯ ಹುಳಿ ಅವರಿಗೆ ಹೊಳೆದಿರಲಿಲ್ಲ. ಶ್ರೀಶೈಲಕ್ಕೆ ನಡೆಯುವವರ ಕಾಲು ತೊಳೆಯುವ ಪುಣ್ಯಕ್ಕೆ ದಾರಿಯ ಹಳ್ಳಿಗಳು ವರ್ಷವಿಡೀ ಕಾಯುತ್ತವೆ ಎಂಬುದನ್ನು ಚಿಕ್ಕಂದಿನಿಂದ ಬಲ್ಲವರು ಅವರು. ಬಲ್ಲದ್ದೇ ಮರೆತುಹೋಗಿತ್ತು. ಹೊಸ ಲೇಪದ ಡಬ್ಬಿಗಳನ್ನು ಜೀಪಿನಲ್ಲಿ ತುಂಬಿಸಿ ಆಗಲೇ ಹೊರಟರು. ಹೊಸ ಲೇಪ ಕಲಿಯಲು ವಾರಗಳು ಬೇಕು, ಯುಗಾದಿಗೆ ಅಷ್ಟು ದಿನವಿಲ್ಲ ಎಂಬುದು ಗೊತ್ತಿದ್ದರೂ ಹೊರಟರು.

ರಾಯಚೂರು ಸಮೀಪಿಸುವಾಗ ಬೆಳಗಾಗುತ್ತಿತ್ತು. ಆಗ ನಜೀರನ ಫೋನು ಬಂತು.

"ಮೇಡಂ, ನಮ್ಮ ನಕ್ಷೆಗೆ ಹುಚ್ಚು ಹಿಡದೈತ್ರಿ. ಹೊಳೆಮಡಗಿನ್ಯಾಗ ಚುಕ್ಕೆ ಮತ್ತ ಹುಟ್ಟಾಕತ್ತಾವು. ಆದ್ರ ಅವು ನಮ್ಮ ಮಂದಿ ಕಾಲಲ್ಲ."

ಊರಿನೊಳಗೆ, ಒಲೆಯಿಂದ ಹಿತ್ತಲಿಗೆ, ಹಿತ್ತಲಿನಿಂದ ನಲ್ಲಿಗೆ, ಯಾರೂ ಲೆಕ್ಕಕ್ಕೆ ಹಿಡಿಯದ ಹಿಮ್ಮಡಿಗಳು ಓಡಾಡುತ್ತಿದ್ದವು. ಅವುಗಳಲ್ಲಿ ಒಂದು ಚುಕ್ಕೆ ನಿಂಬವ್ವನ ಹದದಲ್ಲೇ ಬಿಗಿದು ಸಡಿಲುತ್ತಿತ್ತು, ಆದರೆ ನಡೆಯುತ್ತಿದ್ದದ್ದು ನಿಂಬವ್ವನಲ್ಲ. ಸರ್ವಮಂಗಳಾ ಜೀಪು ನಿಲ್ಲಿಸಿ ಕಣ್ಣು ಮುಚ್ಚಿದರು. ಕಾಲು ತೊಳೆದ ನೀರು ಎಲ್ಲಿಗೆ ಹೋಗುತ್ತದೆಂಬುದು ಆಗ ನೆನಪಾಯಿತು. ಅವರ ಅಜ್ಜಿಯ ಊರಿನಲ್ಲೂ ಹೀಗೇ. ಭಕ್ತರ ಕಾಲು ತೊಳೆದ ನೀರನ್ನು ಯಾರೂ ಮೋರಿಗೆ ಚೆಲ್ಲುವುದಿಲ್ಲ. ತೊಳೆದವರು ಅದನ್ನು ತಮ್ಮ ಕಾಲ ಮೇಲೆ ಸುರಿದುಕೊಳ್ಳುತ್ತಾರೆ.

ಎಳೆಗಳು ಸತ್ತಿರಲಿಲ್ಲ. ಬೋಗುಣಿಯ ನೀರಿನಲ್ಲಿ ತೇಲಿ ಬೇರೆ ಕಾಲುಗಳನ್ನು ಹಿಡಿದಿದ್ದವು. ಕಲಿತದ್ದನ್ನು ಮರೆತೂ ಇರಲಿಲ್ಲ.

ಹೊಳೆಮಡಗಿನ ಮಠದ ಕಟ್ಟೆಯ ಮೇಲೆ ನಿಂಬವ್ವ ಕಾಲು ಚಾಚಿ ಕುಳಿತಿದ್ದಳು. ಬೆಳಗ್ಗೆ ಕಾಲೂರಿದೊಡನೆ ನೋವು ಮರಳಿತ್ತು. ಗಾಯ ಅರ್ಧ ಮಾತ್ರ ಮಾಗಿತ್ತು. ಕಂಬಿಯ ಬಳಗ ಹೊರಡಲು ನಿಂತಿತ್ತು. ಉಳಿದವರ ಕಾಲು ಲೇಪವಿಲ್ಲದೆಯೂ ನಡೆದಾವು, ಅವಳದು ನಡೆಯದು. ಬಿಸಿಲು ನೆತ್ತಿಗೆ ಬರುವ ತನಕ ಮಾತ್ರ ಕಾಯುತ್ತೇನೆಂದು ಅಜ್ಜ ಹೇಳಿದ್ದ. ಆಮೇಲೆ ಸೀರೆಯ ಗಂಟು ಬೇರೆ ತಲೆಗೆ ಏರಬೇಕು.

ಎದುರಿನ ಮನೆಯಲ್ಲಿ ಗದ್ದಲವೋ ಗದ್ದಲ. ಆ ಮನೆಯ ಹಿರಿಯಳು ಈರಮ್ಮ, ನಿನ್ನೆ ನಿಂಬವ್ವನ ಕಾಲು ತೊಳೆದವಳು. ವರ್ಷಗಳಿಂದ ಗೋಡೆ ಹಿಡಿದು ನಡೆಯುತ್ತಿದ್ದವಳು ಇವತ್ತು ಕೊಡ ಹೊತ್ತು ನೀರಿಗೆ ಹೋಗಿ ಬಂದಿದ್ದಳು. ಸೊಸೆಯಂದಿರು ಅವಳನ್ನು ಮತ್ತೆ ಮತ್ತೆ ಅಂಗಳದಲ್ಲಿ ನಡೆಸಿ ನೋಡುತ್ತಿದ್ದರು. ಎಲ್ಲ ಮಲ್ಲಯ್ಯನ ಮಹಿಮೆ ಎಂದು ಈರಮ್ಮ ಕಣ್ಣೊರೆಸಿಕೊಳ್ಳುತ್ತಿದ್ದಳು.

ಸರ್ವಮಂಗಳಾ ಅವಳ ಹಿಮ್ಮಡಿಗಳನ್ನು ಮುಟ್ಟಿ ನೋಡಿದರು. ಬೂದುಬಣ್ಣದ ತೆಳುಪೊರೆ ಅಲ್ಲಿತ್ತು. ನಡಿಗೆ ಬೇರೆಯಾದರೂ, ಒಬ್ಬಳ ಕಾಲಿನಲ್ಲಿ ವಾರಗಟ್ಟಲೆ ಕಲಿತದ್ದು ಇನ್ನೊಬ್ಬಳ ಕಾಲನ್ನು ಒಂದೇ ಬೆಳಗಿನಲ್ಲಿ ಹಿಡಿದೆತ್ತಿತ್ತು. ಹಾಗಾದರೆ ಕಲಿತ ಲೇಪದ ಒಂದು ಚಿಟಿಕೆಯನ್ನು ಹೊಸ ಲೇಪಕ್ಕೆ ಬೆರೆಸಿದರೆ? ಹಾಲಿಗೆ ಹೆಪ್ಪು ಹಾಕಿದ ಹಾಗೆ? ಆ ಪ್ರಶ್ನೆ ಹೊಳೆದಾಗ ಅವರಿಗೆ ಕುಳಿತಲ್ಲಿ ಕೂರಲಾಗಲಿಲ್ಲ. ನಿಂಬವ್ವನ ನಡಿಗೆಯನ್ನು ಬಲ್ಲ ಹೆಪ್ಪು ಈ ಜಗತ್ತಿನಲ್ಲಿ ಇದ್ದದ್ದು ಒಂದೇ ಕಡೆ, ಈರಮ್ಮನ ಕಾಲಿನಲ್ಲಿ. ಅದನ್ನು ತೆಗೆಯಬೇಕಾದರೆ ಸೀಗೆನೀರಿನಲ್ಲಿ ಅವಳ ಕಾಲು ತೊಳೆಯಬೇಕು.

ಇದನ್ನು ತಿಳಿಸಿ ಹೇಳಿದಾಗ ಸೊಸೆಯಂದಿರು ಬೋಗುಣಿ, ಸೀಗೆಪುಡಿ ತಂದಿಟ್ಟರು. ನಿಂಬವ್ವ ಕುಂಟುತ್ತಲೇ ಬಂದು ಬೋಗುಣಿಗೆ ಕೈಹಾಕಿದಳು. ಈರಮ್ಮ ಕಾಲು ಒಳಗೆಳೆದುಕೊಂಡಳು.

"ಬ್ಯಾಡಮ್ಮಾ. ಮಲ್ಲಯ್ಯನ ಕಡೆ ಹೋಗೋರು ನನ್ನ ಕಾಲು ಹಿಡದ್ರೆ ನನಗೆ ಪಾಪ ಸುತ್ಕೋತದ."

"ನಿನ್ನೆ ನನ್ನ ಕಾಲಾಗಿದ್ದ ಮಲ್ಲಯ್ಯ ಇವತ್ತ ನಿನ್ನ ಕಾಲಾಗ ಬಂದು ಕುಂತಾನಬೇ" ಎಂದಳು ನಿಂಬವ್ವ. "ನಾ ಅಂವನ್ನ ಹುಡುಕ್ಕೋಂತ ಹೊಂಟಾಕಿ. ಸಿಕ್ಕಲ್ಲಿ ಕಾಲು ಹಿಡೀಬಾರದೇನು?"

ಈರಮ್ಮ ಆ ಮಾತಿಗೆ ಸೋತಳು. ಆದರೂ ಅವಳ ಮುಖದಲ್ಲಿ ಇನ್ನೊಂದು ಅಂಜಿಕೆಯಿತ್ತು. ಅದನ್ನು ಅವಳು ಡಾಕ್ಟರವ್ವನ ಕಡೆ ತಿರುಗಿ ಮೆಲ್ಲಗೆ ಕೇಳಿದಳು. ತೊಳೆದ ಮೇಲೆ ತಾನು ಮತ್ತೆ ಗೋಡೆ ಹಿಡಿಯಬೇಕಾಗುತ್ತದೆಯೋ ಏನೋ? ತನಗೆ ಗೊತ್ತಿಲ್ಲ ಎಂದರು ಸರ್ವಮಂಗಳಾ. ಸುಳ್ಳು ಹೇಳಲು ಅವರಿಗೆ ಮನಸ್ಸಾಗಲಿಲ್ಲ. ಆಗ ನಿಂಬವ್ವ, ಒಂದೇ ಕಾಲು ಸಾಕು, ಅದರಲ್ಲೂ ಅಂಚಿನ ಒಂದು ಚೂರು ಸಾಕು, ಉಳಿದದ್ದು ನಿನಗೇ ಇರಲಿ ಎಂದಳು. ಸೀರೆ ತಲುಪದಿದ್ದರೂ ಚಿಂತೆಯಿಲ್ಲ, ನಿನ್ನನ್ನು ಕುಂಟಿ ಮಾಡಿ ನಾನು ಗುಡ್ಡ ಹತ್ತುವುದಿಲ್ಲ ಎಂದೂ ಸೇರಿಸಿದಳು.

ಈರಮ್ಮ ಸೀರೆಯ ನಿರಿಗೆ ಎತ್ತಿ ಕಟ್ಟಿದಳು. ಆಮೇಲೆ ಬಲಗಾಲನ್ನು ಬೋಗುಣಿಯೊಳಗೆ ಇಟ್ಟಳು.

ನಿಂಬವ್ವ ರೊಟ್ಟಿಯ ಅಂಚು ತಿದ್ದುವಷ್ಟು ನಾಜೂಕಾಗಿ ಹೆಬ್ಬೆರಳಿನಿಂದ ಹಿಮ್ಮಡಿಯ ಒಂದು ಮಗ್ಗುಲನ್ನಷ್ಟೇ ಉಜ್ಜಿದಳು. ನೀರಿನ ಮೇಲೆ ಬೂದಿಯಂಥ ಒಂದು ಕೆನೆ ತೇಲಿತು. ಸರ್ವಮಂಗಳಾ ಅದನ್ನು ಹೊಸ ಲೇಪಕ್ಕೆ ಬೆರೆಸಿ ಕಲಸಿ ನಿಂಬವ್ವನ ಎರಡೂ ಹಿಮ್ಮಡಿಗೆ ಹಚ್ಚಿ, ಬಿಸಿಲಿಗೆ ಕಾಲು ಚಾಚಿ ಕೂರಿಸಿದರು. ಫೋನಿನ ಆ ತುದಿಯಲ್ಲಿ ನಜೀರ ನಕ್ಷೆಯ ಮುಂದೆ ಕುಳಿತಿದ್ದ. ಮೊದಲು ಏನೂ ಇಲ್ಲ. ಆಮೇಲೆ ಹೊಸ ಎಳೆಗಳ ಗುಂಪಿನಲ್ಲಿ ಎಲ್ಲೋ ಒಂದು ಮೂಲೆ ನಿಂಬವ್ವನ ಹದಕ್ಕೆ ಮಿಡಿಯಿತು ಎಂದ. ಪಕ್ಕದ್ದು ಮಿಡಿಯಿತು ಎಂದ. ಹರಡುತ್ತಿದೆ ಎಂದ. ಕೊನೆಗೆ ಅವನು ನಕ್ಕದ್ದು ಮಾತ್ರ ಕೇಳಿಸಿತು. ಕಡಾಯಿ ತುಂಬ ಹಾಲು ಕಣ್ಣೆದುರೇ ಮೊಸರಾದಂತೆ ಲೇಪ ಪೂರ್ತಿ ಹೆಪ್ಪುಗಟ್ಟಿತ್ತು.

ನಿಂಬವ್ವ ಎದ್ದು ನಿಂತಳು. ಈರಮ್ಮನೂ ಎದ್ದು ಬಲಗಾಲು ಊರಿ ನೋಡಿದಳು. ಒಂದು ಹೆಜ್ಜೆ ಇಟ್ಟಳು, ಇನ್ನೊಂದು ಇಟ್ಟಳು, ಆಮೇಲೆ ತಾನೇ ಸೀರೆಯ ಗಂಟನ್ನು ಎತ್ತಿ ನಿಂಬವ್ವನ ತಲೆಯ ಮೇಲಿಟ್ಟಳು. ಬಿಸಿಲು ಇನ್ನೂ ನೆತ್ತಿಗೆ ಬಂದಿರಲಿಲ್ಲ.

ಅಲ್ಲಿಂದ ಮುಂದೆ ನಡೆದದ್ದನ್ನು ನಜೀರ ಆಮೇಲೆ ಎಷ್ಟು ಜನಕ್ಕೆ ಹೇಳಿದನೋ ಅವನಿಗೇ ನೆನಪಿಲ್ಲ. ಹೊಳೆ ದಾಟಿ ಕಂಬಿ ಹೋದ ದಾರಿಯುದ್ದಕ್ಕೂ ಹಳ್ಳಿ ಹಳ್ಳಿಯಲ್ಲಿ ಕಾಲು ತೊಳೆಯುತ್ತಿದ್ದರು. ಸರ್ವಮಂಗಳಾ ಜೀಪಿನಲ್ಲಿ ಹಿಂದೆ ಹಿಂದೆ ಬಂದು ಪ್ರತಿ ಸಂಜೆ ತೊಳೆದ ನೀರಿನಿಂದಲೇ ಹೆಪ್ಪು ತೆಗೆದು ಹೊಸ ಲೇಪಕ್ಕೆ ಬೆರೆಸಿ ಹಚ್ಚುತ್ತಿದ್ದರು. ಪ್ರತಿ ಬೆಳಗ್ಗೆ ಹಿಂದಿನ ಹಳ್ಳಿಯಲ್ಲಿ ಚುಕ್ಕೆಗಳು ಹೊತ್ತಿಕೊಳ್ಳುತ್ತಿದ್ದವು. ಭಾಷೆ ಬದಲಾಯಿತು, ಸೀಮೆ ಬದಲಾಯಿತು, ಚುಕ್ಕೆಗಳು ನಿಲ್ಲಲಿಲ್ಲ. ನಕ್ಷೆಯ ಮೇಲೆ ಧಾರವಾಡದವರು ಯಾರೂ ಬರೆಯದ ಒಂದು ಬೆಳಕಿನ ದಾರಿ ಶ್ರೀಶೈಲದ ಕಡೆಗೆ ತೆರೆದುಕೊಳ್ಳುತ್ತಿತ್ತು.

ಆತ್ಮಕೂರು ದಾಟಿ ಕಾಡು ಹೊಕ್ಕಿತು ಕಂಬಿ. ಜೀಪು ಅಲ್ಲಿಗೆ ಹೋಗದು. ಭೀಮನ ಕೊಳ್ಳದಲ್ಲಿ ಕಡಿದಾದ ಕಲ್ಲುಮೆಟ್ಟಿಲುಗಳನ್ನು ಇಳಿದು ಮತ್ತೆ ಹತ್ತಬೇಕು. ಬಲ್ಲವರ ಮೊಣಕಾಲು ಕೂಡ ನಡುಗುವ ಜಾಗ ಅದು. ನಿಂಬವ್ವನ ಚುಕ್ಕೆ ಒಮ್ಮೆ ಕೊಳ್ಳದ ನೆರಳಿನಲ್ಲಿ ಮಾಯವಾಯಿತು. ಧಾರವಾಡದಲ್ಲಿ ಎಲ್ಲರೂ ಎದ್ದು ನಿಂತರು. ಮರಳಿ ಅದು ಕಾಣಿಸಿದ್ದು ಮೇಲೆ, ಕೈಲಾಸ ದ್ವಾರದ ಹತ್ತಿರ. ಹದ ತಪ್ಪಿರಲಿಲ್ಲ.

ಯುಗಾದಿಯ ಮುನ್ನಾದಿನ ಶ್ರೀಶೈಲದ ಬುಡದ ಪಾತಾಳಗಂಗೆಯ ಮೆಟ್ಟಿಲ ಮೇಲೆ ಕುಳಿತು ನಿಂಬವ್ವ ಸೀಗೆಪುಡಿ ಕೇಳಿದಳು. ಬಸ್ಸಿನ ದಾರಿಯಿಂದ ಬಂದು ಅಲ್ಲಿ ಕಾದಿದ್ದ ಸರ್ವಮಂಗಳಾ ಅವಳ ಕೈ ಹಿಡಿದರು. ಇನ್ನೊಂದು ದಿನ ತಡೆಯಬಹುದಿತ್ತಲ್ಲ, ನಾಳೆ ಬೆಳಗಿನ ಮೊದಲ ಹೆಜ್ಜೆಯೇ ಗಂಡಾಂತರದ್ದು ಎಂದು ಅಂಗಲಾಚಿದರು. ನಿಂಬವ್ವ ತಲೆಯಲ್ಲಾಡಿಸಿದಳು.

"ತವರಿನಿಂದ ಬಂದಾಕಿ ಮಗಳ ಮುಂದ ಔಷಧ ಹಚ್ಚಿಕೊಂಡು ನಿಂತರ, ಮಗಳ ಜೀವ ಹೆಂಗಾದೀತು ಡಾಕ್ಟರವ್ವಾ? ನನ್ನ ಅವ್ವ ನಮ್ಮ ಮನಿಗೆ ಬಂದಾಗ ಕೆಮ್ಮು ಸುದ್ದಾ ನುಂಗತಿದ್ದಳು" ಎಂದು ಹೇಳಿ ತಾನೇ ತನ್ನ ಕಾಲು ತೊಳೆದುಕೊಂಡಳು. ದಂಡೆಯಲ್ಲಿದ್ದ ಯಾರೋ ಮುದುಕಿ ಆ ನೀರನ್ನು ಬೊಗಸೆಯಲ್ಲಿ ಹಿಡಿದು ಒಯ್ದಳು. ನಕ್ಷೆಯ ಮೇಲೆ ನಿಂಬವ್ವನ ಚುಕ್ಕೆ ಆರಿತು.

ಬೆಳಗಾಯಿತು. ಛತ್ರದ ಕಲ್ಲುನೆಲದ ಮೇಲೆ ಮಲಗಿದ್ದ ನಿಂಬವ್ವ ಕಣ್ಣು ತೆರೆದಳು. ಭೂಮಿಯನ್ನು ಮುಟ್ಟಿ ಕಣ್ಣಿಗೊತ್ತಿಕೊಂಡಳು. ಗೋಡೆ ಪಕ್ಕದಲ್ಲೇ ಇತ್ತು, ಅವಳು ಅದನ್ನು ಹಿಡಿಯಲಿಲ್ಲ. ಬಲಗಾಲು ಊರಿದಳು. ಎಡಗಾಲು ಊರಿದಳು. ಸರ್ವಮಂಗಳಾ ಅವಳ ಮುಖವನ್ನು ನೋಡಲಾರದೆ ಹಿಮ್ಮಡಿಗಳನ್ನೇ ನೋಡುತ್ತಿದ್ದರು. ಹಿಮ್ಮಡಿ ನೆಲಕ್ಕೆ ತಾಗಿತ್ತು, ಪೂರ್ತಿಯಾಗಿ, ಹಿಂಜರಿಯದೆ. ಇಷ್ಟು ದಿನ ಲೇಪ ಕಾಲಿನಿಂದ ಕಲಿಯುತ್ತಿತ್ತು. ಅದೇ ದಾರಿಯಲ್ಲಿ ಕಾಲು ಮಾಗಿ ತಾನೇ ತಾನಾಗಿ ನಿಲ್ಲುವುದನ್ನು ಕಲಿತಿತ್ತು.

"ನೋಡ್ಕೋಂತ ಕುಂಡ್ರಬ್ಯಾಡ. ಸೀರಿ ಗಂಟು ಎತ್ತಿ ಕೊಡು" ಎಂದಳು ನಿಂಬವ್ವ.

ಗುಡಿಯಲ್ಲಿ ಕಾಲಿಡಲು ಜಾಗವಿರಲಿಲ್ಲ. ಕಂಬಿಗಳು, ಜಾಗಟೆ, ಎಲ್ಲೆಲ್ಲೂ ಉಘೇ ಉಘೇ. ಮಲ್ಲನಗೌಡಜ್ಜ ದಾರಿ ಬಿಡಿಸಿದ. ಭ್ರಮರಾಂಬೆಯ ಗರ್ಭಗುಡಿಯ ಮುಂದಿನ ತಣ್ಣನೆಯ ಕಲ್ಲಿನ ಮೇಲೆ ನಿಂಬವ್ವ ನಿಂತಳು. ಗಂಟು ಬಿಚ್ಚಿ ಸೀರೆಯನ್ನು ಪೂಜಾರಿಯ ಕೈಗಿತ್ತಳು. ಕೆಂಪು ಸೆರಗು ದೇವಿಯ ಭುಜವೇರಿದ್ದನ್ನು ಕಣ್ತುಂಬ ನೋಡಿದಳು. ಹಿಂದಿನಿಂದ ಜನ ನೂಕುತ್ತಿದ್ದರು. ಕಾವಲಿನವನು ಅವಳ ತೋಳು ಮುಟ್ಟಿ, ಆಯಿತಲ್ಲ, ಮುಂದೆ ನಡೆಯಿರಿ ಎಂದ.

ನಿಂಬವ್ವ ಕದಲಲಿಲ್ಲ. ಎರಡೂ ಹಿಮ್ಮಡಿಗಳ ಮೇಲೆ ಮೈಯ ಭಾರವನ್ನೆಲ್ಲ ಬಿಟ್ಟು, ಕೈಮುಗಿದು, ಅವನ ಕಡೆ ತಿರುಗದೆಯೇ ಹೇಳಿದಳು:

"ಒಂದೀಟು ನಿಂದರತೀನಿ ತಡಿಯಪ್ಪಾ. ಹಿಂಗ ನಿಂತು ಭಾಳ ದಿನ ಆಗಿತ್ತು."